ರೈಲುಪೊದೆಯ ಜೇನು

ಅಕ್ಕನ ಮೂಗಿನ ವಿಷಯ ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಆ ದಿನದ ರಾದ್ಧಾಂತಕ್ಕೆಲ್ಲ ಅದೇ ಮೂಲ. ಹಾಲು ಒಡೆಯುವುದು ಅವಳಿಗೆ ಹಿಂದಿನ ದಿನವೇ ಗೊತ್ತಾಗುತ್ತಿತ್ತು. ಒಮ್ಮೆ ಮೆಟ್ಟಿಲ ಬುಡದಲ್ಲಿ ನಿಂತೇ, ಮೇಲಿನ ಮಹಡಿಯಲ್ಲಿ ಯಾರೋ ಇಸ್ತ್ರಿಪೆಟ್ಟಿಗೆ ಆರಿಸದೆ ಹೋಗಿದ್ದಾರೆ ಎಂದು ಕೂಗಿ ಇಡೀ ಕಟ್ಟಡವನ್ನು ಉಳಿಸಿದ್ದಳು. ಭಾವ ಸಿಗರೇಟು ಬಿಟ್ಟದ್ದು ಶ್ವಾಸಕೋಶದ ಮೇಲಿನ ಮಮತೆಯಿಂದಲ್ಲ. ಎಷ್ಟು ಏಲಕ್ಕಿ ಜಗಿದು ಬಂದರೂ ಬಾಗಿಲಲ್ಲೇ ಸಿಕ್ಕಿಬೀಳುತ್ತಿದ್ದ, ಅಷ್ಟೇ.

ಆ ಬೀದಿಗಳಲ್ಲಿ ಜೇನು ಸಾಕುವವರು ನಾಲ್ಕೈದು ಮಂದಿ ಇದ್ದರು. ಬೇಕರಿಯಾತನ ಪೆಟ್ಟಿಗೆಗಳು ಅವನ ಅಂಗಡಿಯ ಮಾಳಿಗೆ ಮೇಲೆ, ನರ್ಸಮ್ಮನವು ಹಿತ್ತಲಲ್ಲಿ, ಅಕ್ಕನವು ಮನೆಯ ತಾರಸಿಯಲ್ಲಿ. ಇವರೆಲ್ಲರೂ ಹೆದರುತ್ತಿದ್ದದ್ದು ಒಂದೇ ಒಂದಕ್ಕೆ, ಅದು ಮರಿಕೊಳೆ ರೋಗ. ಅದು ಬಂದ ಗೂಡಿನಲ್ಲಿ ಮರಿಹುಳುಗಳು ಮೇಣದಿಂದ ಮುಚ್ಚಿದ ಪುಟ್ಟ ಕಣಗಳೊಳಗೇ ಕೊಳೆತು ಅಂಟಾಗುತ್ತವೆ, ಗೂಡು ನಾರುತ್ತದೆ, ಪಕ್ಕದ ಗೂಡಿಗೂ ಹಬ್ಬುತ್ತದೆ. ಔಷಧಿ ಇಲ್ಲ, ಸುಡುವುದೊಂದೇ ದಾರಿ. ಹಿಂದಿನವರು ಅನುಮಾನ ಬಂದಾಗ ಗೂಡು ತೆರೆದು, ಒಂದು ಕಣದೊಳಗೆ ಬೆಂಕಿಕಡ್ಡಿ ಚುಚ್ಚಿ ಎಳೆದು ನೋಡುತ್ತಿದ್ದರು. ಕಂದು ಬಣ್ಣದ ಅಂಟು ನೂಲಿನ ಹಾಗೆ ಎಳೆದುಕೊಂಡು ಬಂದರೆ ರೋಗ, ಬರದಿದ್ದರೆ ಇಲ್ಲ. ಆದರೆ ರೋಗದ ಗೂಡು ತೆರೆದರೆ ಅಕ್ಕಪಕ್ಕದ ಹುಳುಗಳು ಜೇನು ಕದಿಯಲು ನುಗ್ಗುತ್ತವೆ, ಜೇನಿನ ಜೊತೆ ರೋಗವನ್ನೂ ಮನೆಗೆ ಹೊತ್ತೊಯ್ಯುತ್ತವೆ. ಅಕ್ಕನ ಮೂಗಿನ ಖ್ಯಾತಿ ಹಬ್ಬಿದ ಮೇಲೆ ಕಡ್ಡಿಯ ಕೆಲಸಕ್ಕೆ ಎಲ್ಲರೂ ತಿಲಾಂಜಲಿ ಬಿಟ್ಟರು. ಹೊರಗೆ ನಿಂತು ಮೂಸಿಯೇ ಹೇಳುವವಳು ಇರುವಾಗ ಪೆಟ್ಟಿಗೆಯ ಮುಚ್ಚಳ ತೆಗೆಯುವ ಉಸಾಬರಿ ಯಾರಿಗೆ ಬೇಕು?

ಅವರಲ್ಲಿ ಕಟ್ಟುಪಾಡೂ ಬಿಗಿಯಾಗಿತ್ತು. ಅಕ್ಕ ಮೂಸಿ ಹೇಳಿದ ಮೇಲೆ ಅದೇ ದಿನ, ಹುಳುಗಳೆಲ್ಲ ಗೂಡು ಸೇರುವ ಹೊತ್ತಿಗೆ, ಪೆಟ್ಟಿಗೆಗಳು ಗುಂಡಿಗೆ ಹೋಗಬೇಕು. ಗುಂಡಿ ತೋಡುವುದು ಗೂಡಿನ ಯಜಮಾನರ ಕೆಲಸ. ಬೆಂಕಿ ಹಚ್ಚುವುದು ಮಾತ್ರ ಅವರಲ್ಲ, ಯಾಕೆಂದರೆ ತನ್ನ ಗೂಡನ್ನು ತಾನೇ ಸುಡುವವರು ಒಂದನ್ನಾದರೂ ಮಂಚದ ಕೆಳಗೆ ಬಚ್ಚಿಡುತ್ತಾರೆ ಎಂಬುದು ಹಿಂದೊಮ್ಮೆ ಕಣ್ಣಾರೆ ಕಂಡ ವಿಷಯ. ಉಳಿದವರು ಒಬ್ಬೊಬ್ಬರು ಒಂದೊಂದು ಡಬ್ಬಿ ಸೀಮೆಎಣ್ಣೆ ತರುತ್ತಾರೆ. ಅವರಲ್ಲಿ ಯಾರ ಗೂಡಿನಲ್ಲಿ ಲೇಶವೂ ನಾತವಿಲ್ಲವೋ ಅವರು ಕಡ್ಡಿ ಗೀರುತ್ತಾರೆ.

ಅಕ್ಕನ ತಂಗಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮೊಂಡಿ ಎಂದು. ಆ ಹೆಸರನ್ನು ಅವಳು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಕಾಲರ್‌ಗಳಿಗೆ ಇಸ್ತ್ರಿ ಹಾಕುವ ಕೆಲಸ ಬಿಟ್ಟು, ಜೇನು ಸಾಕಿಯೇ ಬದುಕುತ್ತೇನೆ ಎಂದು ಆ ವರ್ಷ ಪಟ್ಟು ಹಿಡಿದಿದ್ದಳು. ಅಮ್ಮ ಬಿಟ್ಟುಹೋದ ಗೂಡೊಂದು ಅಕ್ಕನ ತಾರಸಿಯಲ್ಲಿತ್ತು. ಅಕ್ಕ ಅದನ್ನೇ ಪಾಲು ಮಾಡಿ ತಂಗಿಗೆ ಮೊದಲ ಪೆಟ್ಟಿಗೆ ಕೊಟ್ಟಿದ್ದಳು. ಒಂದು ಹಲವಾಯಿತು, ಮತ್ತು ಮೊಂಡಿ ಅವನ್ನೆಲ್ಲ ಒಯ್ದು ಮುಚ್ಚಿಹೋದ ಗೂಡ್ಸ್ ಯಾರ್ಡಿನಲ್ಲಿ ಇಟ್ಟಳು.

ಆ ಜಾಗ ನೋಡಿ ಮೂಗು ಮುರಿಯದವರಿಲ್ಲ. ತುಕ್ಕು ಹಿಡಿದ ಹಳಿಗಳು, ಜಲ್ಲಿ, ಹಳಿಗಳ ಕೆಳಗಿನ ಒಡೆದ ಸ್ಲೀಪರ್ ದಿಮ್ಮಿಗಳು. ಅವುಗಳ ಮಧ್ಯೆ ಎಲ್ಲೆಂದರಲ್ಲಿ ಎದೆಮಟ್ಟಕ್ಕೆ ಎದ್ದ ಒಂದು ಕಾಡುಪೊದೆ, ಬೂದು ಬಣ್ಣದ ಸಣ್ಣ ಎಲೆ, ಪೊರಕೆಯಂಥ ಕಡ್ಡಿಗಳು. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ರೈಲು ಓಡುತ್ತಿದ್ದ ಕಾಲದಲ್ಲಿ ಹೂ ಬಿಡುವ ಮೊದಲೇ ಪ್ರತಿ ವರ್ಷ ಕತ್ತರಿಸಿ ಎಸೆಯುತ್ತಿದ್ದರು. ಜನ ಅದಕ್ಕೆ ರೈಲುಪೊದೆ ಎಂದು ಹೆಸರಿಟ್ಟು ಮರೆತಿದ್ದರು. ಮೊಂಡಿ ಮಾತ್ರ ಮೊಗ್ಗು ಬಿಡಿಸಿ ನೋಡಿದ್ದಳು. ಒಂದೊಂದು ಹೂವೂ ಚಿಟಿಕೆಯಷ್ಟು ಪುಟ್ಟ ಹೂಗಳ ಗುಚ್ಛ. ಇದು ಸೇವಂತಿಗೆಯ, ಸೂರ್ಯಕಾಂತಿಯ ಕುಲದ್ದೇ, ಬಡ ಸಂಬಂಧಿ ಎಂದು ಅವಳಿಗೆ ಅರ್ಥವಾಯಿತು. ಊರಿನ ತೋಟಗಳಲ್ಲಿ ಹೂವೆಲ್ಲ ಮುಗಿದು ಹುಳುಗಳು ಹಸಿದು ಕೂರುವ ಕಾಲಕ್ಕೆ ಇದು ಅರಳುತ್ತದೆ ಎಂದು ಲೆಕ್ಕ ಹಾಕಿದ್ದಳು.

ಲೆಕ್ಕ ತಪ್ಪಲಿಲ್ಲ. ಆ ಚಳಿಗಾಲದ ಬಾಗಿಲಲ್ಲಿ ಇಡೀ ಯಾರ್ಡು ಹಳದಿಯಾಯಿತು. ಹುಳುಗಳು ಹೊಟ್ಟೆ ಹಳದಿ ಮಾಡಿಕೊಂಡು ಬಂದು ಬಿದ್ದವು, ಪೆಟ್ಟಿಗೆಗಳು ಎತ್ತಲಾರದಷ್ಟು ಭಾರವಾದವು. ಜೊತೆಗೇ ಒಂದು ವಾಸನೆಯೂ ಶುರುವಾಯಿತು, ಒದ್ದೆ ಬೂಟಿನೊಳಗೆ ಮರೆತ ಕಾಲುಚೀಲದ ವಾಸನೆ. ಮೊಂಡಿ ಅದು ತನ್ನದೇ ಬೂಟು ಎಂದುಕೊಂಡು ತೊಳೆದು ಬಿಸಿಲಿಗಿಟ್ಟಳು. ಬೂಟು ಒಣಗಿತು, ವಾಸನೆ ಹೋಗಲಿಲ್ಲ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪೊದೆ ಅರಳಿದ ಮೇಲೆ ಬಂದದ್ದು ಪೊದೆಯದ್ದೇ ಇರಬೇಕು, ಇನ್ನೇನು?

ಅಕ್ಕ ಮಗಳ ಬಾಣಂತನಕ್ಕೆ ಹೋದವಳು ಆವತ್ತು ಬೆಳಿಗ್ಗೆ ವಾಪಸಾದಳು. ತುಂಬಿದ ಗೂಡು ತೋರಿಸುವ ಜಂಬದಲ್ಲಿ ಮೊಂಡಿ ಅವಳನ್ನು ಬಸ್ಸಿನಿಂದ ಇಳಿಸಿಕೊಂಡು ನೇರ ಯಾರ್ಡಿಗೇ ಕರೆತಂದಳು. ಗೇಟು ದಾಟಿ ಒಳಗೆ ಬಂದ ಅಕ್ಕ ಪೆಟ್ಟಿಗೆಗಳಿಗೆ ಇನ್ನೂ ದೂರವಿರುವಾಗಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು.

"ಎಷ್ಟು ದಿನದಿಂದ?" ಎಂದಳು.

"ಏನು ಎಷ್ಟು ದಿನದಿಂದ?"

"ಈ ನಾತ."

"ಹೂ ಬಿಟ್ಟಾಗಿನಿಂದ. ಪೊದೆಯದ್ದು ಕಣೆ ಅದು. ನೋಡು ಬೇಕಾದ್ರೆ." ಮೊಂಡಿ ಒಂದು ರೆಂಬೆ ಮುರಿದು ಅಕ್ಕನ ಮುಖದ ಹತ್ತಿರ ಹಿಡಿದಳು.

ಅಕ್ಕ ಕಣ್ಣು ಮುಚ್ಚಿ ಮೂಸಿದಳು, ಯಾವುದೇ ಪಕ್ಷಪಾತವಿಲ್ಲದೆ, ನಿಧಾನವಾಗಿ. "ಇದು ಒಂಥರಾ ಘಾಟು. ಆದ್ರೆ ಗೂಡಿಂದ ಬರ್ತಿರೋದು ಇದಲ್ಲ. ಅದು ಕೊಳೆತ ವಾಸನೆ." ಅವಳ ದನಿ ಇಳಿಯಿತು. "ಸಂಜೆಗೆ ಎಲ್ಲರಿಗೂ ಹೇಳಿ ಕಳಿಸ್ತೀನಿ. ಗುಂಡಿ ತೋಡಿಡು."

ಮೊಂಡಿಗೆ ಮೈಯೆಲ್ಲ ಉರಿಯಿತು. "ತೆಗೆದು ನೋಡೋಣ. ಒಂದೇ ಒಂದು ಪೆಟ್ಟಿಗೆ. ಅಮ್ಮ ಕಡ್ಡಿ ಚುಚ್ಚಿ ನೋಡ್ತಿದ್ಲು, ನೆನಪಿಲ್ವಾ ನಿನಗೆ?"

"ಅಮ್ಮನಿಗೆ ಈ ಮೂಗು ಇರಲಿಲ್ಲ."

"ಹೌದು, ಅದಕ್ಕೇ ಪಾಪ ನೋಡಿ ತಿಳ್ಕೊತಿದ್ಲು."

"ನೋಡು," ಎಂದಳು ಅಕ್ಕ. "ಇದು ಅಮ್ಮನ ಗೂಡಿನ ಪಾಲು. ನನ್ನ ಕೈಯಾರೆ ಮಾಡಿ ಕೊಟ್ಟಿದ್ದು. ಸುಡಿಸೋಕೆ ನನಗೇನು ಖುಷಿನಾ? ಬೇರೆಯವರ ಗೂಡಿಗೆ ಒಂದು ಮಾತು, ತಂಗಿ ಗೂಡಿಗೆ ಒಂದು ಮಾತು ಅಂದ್ರೆ ನಾಳೆಯಿಂದ ಯಾರು ನನ್ನ ಮಾತು ಕೇಳ್ತಾರೆ?"

ಅವಳ ಕಣ್ಣಲ್ಲಿ ನೀರಿತ್ತು. ಅದು ಮೊಂಡಿಯ ಸಿಟ್ಟನ್ನು ಇನ್ನೂ ಹೆಚ್ಚಿಸಿತು, ಯಾಕೆಂದರೆ ಅಳುವವಳ ಜೊತೆ ಜಗಳ ಆಡುವುದು ಕಷ್ಟ. ಆಗ ಅವಳಿಗೆ ಒಂದು ಯೋಚನೆ ಹೊಳೆಯಿತು, ಮತ್ತು ಅದು ಬಹಳ ಚೆನ್ನಾಗಿದೆ ಅನ್ನಿಸಿತು. ಅಕ್ಕನ ತಾರಸಿ ಇರುವುದು ಎದುರು ಬೀದಿಯಲ್ಲೇ, ಅವಳ ಹುಳುಗಳೂ ಇದೇ ಪೊದೆಗೆ ಬರುತ್ತವೆ.

"ಊರಿಂದ ಬಂದ ಮೇಲೆ ನಿನ್ನ ಗೂಡು ಮೂಸಿ ನೋಡಿದೀಯಾ?"

"ಇನ್ನೂ ಮನೆಗೇ ಹೋಗಿಲ್ಲವಲ್ಲೇ."

"ಹಾಗಾದ್ರೆ ಹೋಗು, ಮೂಸು, ಆಮೇಲೆ ಬಂದು ಮಾತಾಡು."

ಅಕ್ಕ ಚೀಲ ಎತ್ತಿಕೊಂಡು ಹೊರಟಳು. ಅಲ್ಲೂ ಅದೇ ವಾಸನೆ ಬಂದರೆ ತನ್ನ ಮೂಗಿನ ಮೇಲೆ ತಾನೇ ಅನುಮಾನಪಟ್ಟು, ನಕ್ಕು ವಾಪಸು ಬರುತ್ತಾಳೆ ಎಂದು ಮೊಂಡಿಗೆ ಖಾತ್ರಿಯಿತ್ತು. ಆ ಖಾತ್ರಿಯಲ್ಲೇ ಗುದ್ದಲಿ ತಂದು ಗುಂಡಿ ತೋಡತೊಡಗಿದಳು. ಕಟ್ಟುಪಾಡು ಮುರಿದಳು ಎಂಬ ಮಾತು ಬರಬಾರದಲ್ಲ. ತೋಡುವವಳೂ ತಾನೇ, ಸಂಜೆ ಮುಚ್ಚುವವಳೂ ತಾನೇ ಎಂದು ಹಳಿಗಳಿಗೆ ಕೇಳುವ ಹಾಗೆ ಹೇಳಿಕೊಂಡಳು.

ಎಲ್ಲರಿಗಿಂತ ಮೊದಲು ಬಂದವನು ಬಡಗಿ. ಆ ಬೀದಿಗಳ ಜೇನುಪೆಟ್ಟಿಗೆಗಳೆಲ್ಲ ಅವನ ಇಲ್ಲವೇ ಅವನ ಅಪ್ಪನ ಕೈಯಿಂದಲೇ ಆದವು. ಮೂಲೆಗಳ ಜೋಡಣೆಯಲ್ಲಿ ಉಗುರು ತೂರಿಸಲೂ ಜಾಗ ಇರುತ್ತಿರಲಿಲ್ಲ. ಅವನ ಶೆಡ್ಡು ಯಾರ್ಡಿನ ಆಚೆಗೋಡೆಗೆ ಒತ್ತಿಕೊಂಡೇ ಇತ್ತು. ಅವನಲ್ಲೂ ಸಾಲಾಗಿ ಗೂಡುಗಳಿದ್ದವು. ಹೋದ ವರ್ಷ ಇದೇ ಕಾಲಕ್ಕೆ ಅಕ್ಕ ಮೂಸಿ ಹೇಳಿದ ಮೇಲೆ ಅಷ್ಟನ್ನೂ ಸುಟ್ಟರು. ಅವನು ಒಂದು ಮಾತು ಆಡಿರಲಿಲ್ಲ. ಆಮೇಲೆ ಬೇರೆಯವರಿಗೆ ಪೆಟ್ಟಿಗೆ ಮಾಡಿಕೊಟ್ಟ, ತಾನು ಮಾತ್ರ ಮತ್ತೆ ಹುಳು ತರಲಿಲ್ಲ. ಯಾಕೆ ಎಂದರೆ ಧೈರ್ಯ ಬರೋದಿಲ್ಲ ಎನ್ನುತ್ತಿದ್ದ.

ಅವನು ಸೀಮೆಎಣ್ಣೆ ಡಬ್ಬಿ ಕೆಳಗಿಟ್ಟು, ಗುದ್ದಲಿ ಇಸಿದುಕೊಂಡು ಗುಂಡಿಯ ಅಂಚನ್ನು ನೇರ ಮಾಡಿದ. ಗುಂಡಿಯಾದರೂ ಸರಿ, ಸೊಟ್ಟಗಿದ್ದರೆ ಅವನಿಗೆ ಆಗದು. ಮಧ್ಯೆ ಒಮ್ಮೆ ನಿಂತು ಗಾಳಿ ಎಳೆದುಕೊಂಡ. ಆಮೇಲೆ ಹಳದಿ ಪೊದೆಗಳ ಕಡೆ ನೋಡಿದ, ಪೆಟ್ಟಿಗೆಗಳ ಕಡೆ ನೋಡಿದ.

"ಇದು ಹೂವಿನದ್ದು ಅಂತೀಯಾ?" ಎಂದ.

"ಹೂವಿನದ್ದೇ. ಎರಡು ಮಾತಿಲ್ಲ."

ಅವನು ಮತ್ತೇನೂ ಕೇಳದೆ ತೋಡಲು ಬಗ್ಗಿದ.

ಬಿಸಿಲು ಇಳಿಯುವ ಹೊತ್ತಿಗೆ ಬೇಕರಿಯಾತ ಬಂದ, ಹಿಟ್ಟು ಮೆತ್ತಿದ ಕೈಯಲ್ಲೇ ಡಬ್ಬಿ ಹಿಡಿದು. ನರ್ಸಮ್ಮ ಡ್ಯೂಟಿ ಮುಗಿಸಿ ಬಂದಳು. ಕೊನೆಗೆ ಅಕ್ಕ ಬಂದಳು. ಅವಳ ಮುಖದಲ್ಲಿ ನಗು ಹುಡುಕಿದ ಮೊಂಡಿಗೆ ಏನೂ ಸಿಗಲಿಲ್ಲ.

"ನನ್ನವೂ ನಾರ್ತಿವೆ," ಎಂದಳು ಅಕ್ಕ. "ಎಲ್ಲಾವೂ. ಅಮ್ಮನ ಗೂಡೂ."

"ನೋಡಿದ್ಯಾ, ನಾನು ಹೇಳಲಿಲ್ವಾ—"

"ಗುಂಡಿ ಇನ್ನಷ್ಟು ದೊಡ್ಡದು ಮಾಡು. ನಿನ್ನ ಭಾವ ಗಾಡಿ ತರೋಕೆ ಹೋಗಿದ್ದಾರೆ."

ತನ್ನ ಬುದ್ಧಿವಂತಿಕೆ ಹೀಗೆ ತಿರುಗಿ ತನ್ನನ್ನೇ ಹೊಡೆಯುತ್ತದೆ ಎಂದು ಮೊಂಡಿಗೆ ಹೊಳೆದಿರಲೇ ಇಲ್ಲ. ಅಕ್ಕನ ಮೂಗನ್ನು ಅವಳು ತಿಳಿದಿದ್ದಳು, ಅಕ್ಕನ ನಿಯತ್ತನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಮ್ಮ ತನ್ನ ಮದುವೆಯ ವರ್ಷ ಹಿಡಿದು ತಂದ ಹಿಂಡು ಅದು, ರಾಣಿಗಳು ಬದಲಾದರೂ ಗೂಡು ಬದಲಾಗಿರಲಿಲ್ಲ. ಅದನ್ನು ಸುಡಲು ಗಾಡಿ ತರಿಸುತ್ತಿರುವವಳು ಎದುರಿಗೆ ನಿಂತು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಗುಂಡಿಯ ಉದ್ದ ಅಳೆಯುತ್ತಿದ್ದಳು.

ಆಗ ಬೇಕರಿಯಾತ ಗಂಟಲು ಸರಿಮಾಡಿಕೊಂಡ. "ಅಕ್ಕಾ, ನನ್ನ ಮಾಳಿಗೆ ಮೇಲೂ ಸ್ವಲ್ಪ ಹೀಗೇ ಇದೆ. ನಾನು ಚರಂಡಿ ಅಂದ್ಕೊಂಡಿದ್ದೆ. ಮುನ್ಸಿಪಾಲಿಟಿಯವರಿಗೆ ಬೈದೂ ಬಂದೆ."

ಅಕ್ಕ ಅವನ ಹತ್ತಿರ ಹೋಗಿ, ಅವನು ಜೇನುಕೆಲಸಕ್ಕೆ ಹಾಕುವ ಕೈಗವಸನ್ನು ಇಸಿದುಕೊಂಡು ಮೂಸಿದಳು. ಆಮೇಲೆ ನರ್ಸಮ್ಮನದನ್ನು ಮೂಸಿದಳು.

"ನಿಮ್ಮಿಬ್ಬರದೂ," ಎಂದಳು.

"ನನಗೆ ಬರೀ ಸ್ಪಿರಿಟ್ ವಾಸನೆ ಬರುತ್ತೆ, ಬೇರೇನೂ ಬರಲ್ಲ," ಎಂದು ನರ್ಸಮ್ಮ ಡಬ್ಬಿಯ ಮೇಲೆ ಕೂತುಬಿಟ್ಟಳು.

ಎಲ್ಲರ ಕೈಯಲ್ಲೂ ಸೀಮೆಎಣ್ಣೆ ಇತ್ತು, ಎಲ್ಲರ ಗೂಡೂ ಗುಂಡಿಗೆ ಹೋಗಬೇಕಿತ್ತು, ಕಡ್ಡಿ ಗೀರುವ ಅರ್ಹತೆ ಇದ್ದವರು ಯಾರೂ ಇರಲಿಲ್ಲ. ಮೊಂಡಿಗೆ ಅಳುವಿನ ಮಧ್ಯೆಯೇ ನಗು ಬಂತು. ಕಟ್ಟುಪಾಡು ಮಾಡಿದವರು ಇಂಥ ದಿನವನ್ನು ಯೋಚಿಸಿರಲಿಲ್ಲ. ಹಚ್ಚುವವರಿಲ್ಲದ ಮೇಲೆ ಸುಡುವುದು ಹೇಗೆ ಎಂದು ಕೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಹೇಳಿಬಿಟ್ಟಳು:

"ಬಡಗಿ ಇದ್ದಾನಲ್ಲ. ಅವನ ಹತ್ರ ಗೂಡೇ ಇಲ್ಲ."

ಎಲ್ಲರೂ ತಿರುಗಿದರು. ಬಡಗಿ ಗುದ್ದಲಿಯನ್ನು ಮಣ್ಣಿಗೆ ಒರಗಿಸಿ, ಅಂಗೈ ಉಜ್ಜಿಕೊಂಡು ಮೇಲೆ ಬಂದ. ಅಕ್ಕ ಬೆಂಕಿಪೊಟ್ಟಣವನ್ನು ಅವನ ಕೈಗೆ ಕೊಟ್ಟಳು. ಅವನು ಒಂದು ಕಡ್ಡಿ ತೆಗೆದ. ಹೆಬ್ಬೆರಳ ಉಗುರಿನಿಂದ ಅದರ ಮದ್ದಿನ ತುದಿಯನ್ನು ಮುರಿದು ಜಲ್ಲಿಯ ಮೇಲೆ ಬೀಳಿಸಿದ.

"ಒಂದು ಪೆಟ್ಟಿಗೆ ತೆಗೀರಿ," ಎಂದ.

"ತೆಗೆಯೋ ಹಾಗಿಲ್ಲ," ಎಂದಳು ಅಕ್ಕ.

"ಯಾಕಕ್ಕಾ? ಬೇರೆ ಗೂಡಿಗೆ ಹರಡುತ್ತೆ ಅಂತ ತಾನೆ? ಇನ್ನು ಬೇರೆ ಗೂಡು ಯಾವುದಿದೆ?"

ಅಕ್ಕ ಸುತ್ತ ನಿಂತವರನ್ನು ಒಬ್ಬೊಬ್ಬರಾಗಿ ನೋಡಿದಳು.

"ಹಚ್ಚಬೇಕಾದವನು ನಾನು. ನೋಡದೆ ಹಚ್ಚಲ್ಲ," ಎಂದ ಅವನು. ಸಿಟ್ಟಿನಿಂದಲ್ಲ, ಹಲಗೆಯ ಅಳತೆ ಹೇಳುವ ದನಿಯಲ್ಲಿ.

"ನೋಡಿದ ಮೇಲೆ ಒಳಗೆ ಏನೂ ಇಲ್ಲ ಅಂತಾದ್ರೆ..." ಅಕ್ಕ ಅಷ್ಟಕ್ಕೇ ನಿಲ್ಲಿಸಿದಳು. "ಅದು ನಿನಗೆ ಬೇಕಾ?"

"ಬೇಕು."

ಮೊಂಡಿಗೆ ಆ ಮಾತಿನ ಒಳಗು ಆಗ ತಿಳಿಯಲಿಲ್ಲ. ಅವಳ ಕೈ ಆಗಲೇ ಹೊಗೆಡಬ್ಬಿಯ ಮೇಲಿತ್ತು. ಅಮ್ಮನ ಗೂಡಿನಿಂದ ಪಾಲಾಗಿ ಬಂದ ಮೊದಲ ಪೆಟ್ಟಿಗೆಗೆ ಹೊಗೆ ಬಿಟ್ಟು, ಮುಚ್ಚಳ ಎತ್ತಿದಳು. ನಾತ ಗಪ್ಪೆಂದು ಮೇಲೆದ್ದಿತು. ಬೇಕರಿಯಾತ ಎರಡು ಹೆಜ್ಜೆ ಹಿಂದೆ ಸರಿದ. ಅವಳು ಮರಿಗಳ ಚೌಕಟ್ಟನ್ನು ಮೆಲ್ಲಗೆ ಎಳೆದು, ಹುಳುಗಳನ್ನು ಒದರಿ, ಇಳಿಬಿಸಿಲಿಗೆ ಹಿಡಿದಳು. ಬಡಗಿ ಮುಚ್ಚಿದ ಕಣವೊಂದಕ್ಕೆ ಕಡ್ಡಿ ಚುಚ್ಚಿ, ತಿರುಗಿಸಿ, ನಿಧಾನ ಎಳೆದ.

ನೂಲು ಬರಲಿಲ್ಲ. ಕಡ್ಡಿಯ ತುದಿಗೆ ಹಾಲಿನಂಥ ಬಿಳಿ ಹನಿ ಅಂಟಿತ್ತು, ಅಷ್ಟೇ. ಒಳಗೆ ಕೊಬ್ಬಿದ ಬಿಳಿ ಮರಿಹುಳು ಆರೋಗ್ಯವಾಗಿತ್ತು. ಅವನು ಇನ್ನೊಂದಕ್ಕೆ ಚುಚ್ಚಿದ, ಮತ್ತೊಂದು ಪೆಟ್ಟಿಗೆ ತೆಗೆಸಿ ಅಲ್ಲೂ ಚುಚ್ಚಿದ. ಎಲ್ಲೂ ಏನೂ ಇರಲಿಲ್ಲ. ಮೊಂಡಿ ಮೇಲಿನ ಚೌಕಟ್ಟಿನಿಂದ ಹೊಸ ಜೇನನ್ನು ಬೆರಳಲ್ಲಿ ತೆಗೆದು ಅಕ್ಕನ ಮೂಗಿನ ಕೆಳಗೆ ಹಿಡಿದಳು. ಅದು ಇನ್ನೂ ನೀರುನೀರಾಗಿತ್ತು, ಪೊದೆಯ ಹೂವಿನದೇ ಹಳದಿ.

ಅಕ್ಕ ಮೂಸಿದಳು. "ಇದೇ," ಎಂದಳು. "ನಾತ ಇದರದ್ದು. ಹೂವಿನ ರಸ ಆರಿ ಜೇನಾಗುವಾಗ ಬರ್ತಿರೋದು." ಆಮೇಲೆ ತಂಗಿಯ ಬೆರಳು ಹಿಡಿದು ಆ ಜೇನನ್ನು ನಾಲಗೆಗೆ ಹಚ್ಚಿಕೊಂಡು ನುಂಗಿದಳು.

ಬೇಕರಿಯಾತ ಗಟ್ಟಿಯಾಗಿ ನಕ್ಕ. ನರ್ಸಮ್ಮ ಎದ್ದು ಮೊಂಡಿಯ ಬೆನ್ನಿಗೆ ಗುದ್ದಿದಳು. ಮೊಂಡಿಗೆ ಕುಣಿಯಬೇಕೆನ್ನಿಸಿತು. ಹೇಳಿರಲಿಲ್ವಾ, ಹೇಳಿರಲಿಲ್ವಾ ಎಂದು ಒಬ್ಬೊಬ್ಬರ ಮುಖದ ಮುಂದೆಯೂ ನಿಂತು ಕೇಳಬೇಕೆನ್ನಿಸಿತು. ಮೊದಲು ಬಡಗಿಯನ್ನೇ ಕೇಳೋಣ ಎಂದು ತಿರುಗಿದಳು.

ಅವನು ಕಡ್ಡಿ ಹಿಡಿದುಕೊಂಡು ಆಚೆಗೋಡೆಯ ಕಡೆ ನೋಡುತ್ತಿದ್ದ. ಗೋಡೆಯ ಆಚೆ ಅವನ ಶೆಡ್ಡಿನ ತಗಡಿತ್ತು. ಗೋಡೆಯ ಉದ್ದಕ್ಕೂ, ಯಾರ್ಡಿನಲ್ಲಿ ಎಲ್ಲೂ ಇಲ್ಲದಷ್ಟು ದಟ್ಟವಾಗಿ, ಆಳೆತ್ತರಕ್ಕೆ, ರೈಲುಪೊದೆ ಹಳದಿ ಸುರಿಯುತ್ತಿತ್ತು.

"ನಮ್ಮ ಕಡೆಗೇ ಮೊದಲು ಬಂದಿದ್ದು ಇದು," ಎಂದ. "ಹೋದ ವರ್ಷವೇ ಅರಳಿತ್ತು, ಈ ಗೋಡೆ ಬುಡದಲ್ಲಿ ಮಾತ್ರ."

ಹೋದ ವರ್ಷ ಅವನ ಗೂಡುಗಳನ್ನು ಸುಟ್ಟ ಸಂಜೆ ಅಕ್ಕನ ಜೊತೆ ಮೊಂಡಿಯೂ ಒಂದು ಡಬ್ಬಿ ತಂದು ಸುರಿದಿದ್ದಳು. ಬೇಕರಿಯಾತ ಕಡ್ಡಿ ಗೀರಿದ್ದ. ಅವನ ನಗು ಈಗ ಎಲ್ಲಿ ಹೋಯಿತೋ, ಅವನು ಕಾಲಿನಿಂದ ಜಲ್ಲಿ ಕೆದಕುತ್ತಿದ್ದ.

ಅಕ್ಕ ಬಡಗಿಯ ಎದುರು ಹೋಗಿ ನಿಂತಳು. ಅವಳು ಎಂದೂ ತಲೆ ತಗ್ಗಿಸಿ ನಿಂತದ್ದನ್ನು ಮೊಂಡಿ ಕಂಡಿರಲಿಲ್ಲ, ಈಗಲೂ ತಗ್ಗಿಸಲಿಲ್ಲ. ನೇರ ಅವನ ಮುಖ ನೋಡಿ ಹೇಳಿದಳು: "ತಪ್ಪು ನಂದು. ಚೆನ್ನಾಗಿದ್ದ ಗೂಡು ಸುಡಿಸಿಬಿಟ್ಟೆ."

"ನಾರ್ತಿದ್ದದ್ದು ನಿಜ ತಾನೆ ಅಕ್ಕಾ. ನಿಮ್ಮ ಮೂಗು ಸುಳ್ಳು ಹೇಳಲಿಲ್ಲ," ಎಂದ ಅವನು. "ಕಡ್ಡಿ ಚುಚ್ಚಿ ನೋಡೋಣ ಅಂತ ಅವತ್ತು ನನಗೂ ಬಾಯಿ ಬರಲಿಲ್ಲ."

"ಇನ್ನು ಮೇಲೆ ನಾನು ಏನೇ ಹೇಳಲಿ, ಕಡ್ಡಿ ಚುಚ್ಚದೆ ಒಂದು ಪೆಟ್ಟಿಗೆಯನ್ನೂ ಯಾರೂ ಮುಟ್ಟಬಾರದು." ಇದನ್ನು ಅಕ್ಕ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಷ್ಟರಲ್ಲಿ ಭಾವ ತಳ್ಳುಗಾಡಿಯೊಂದಿಗೆ ಏದುಸಿರು ಬಿಡುತ್ತ ಗೇಟಿನಲ್ಲಿ ಕಾಣಿಸಿಕೊಂಡ. ಅವನಿಗೆ ಏನೂ ವಿವರಿಸದೆ, ಗಾಡಿ ತಿರುಗಿಸು ಎಂದು ಅಕ್ಕ ಮುಂದೆ ನಡೆದಳು. ಭಾವ ತಿರುಗಿಸಿದ. ಅವನಿಗೆ ಅಭ್ಯಾಸವಿತ್ತು.

ಮೊಂಡಿ ಗುಂಡಿಯನ್ನು ತಾನೇ ಮುಚ್ಚಿದಳು. ಮುಗಿಯುವ ಹೊತ್ತಿಗೆ ಬೆಳಕು ಇಳಿದು, ಹುಳುಗಳೆಲ್ಲ ಗೂಡು ಸೇರಿದ್ದವು. ಆಗ ಗಾಡಿ ಬೀದಿಯ ತಿರುವಿನಲ್ಲಿ ಮತ್ತೆ ಬಂತು. ಅದರ ಮೇಲೆ ಒಂದೇ ಒಂದು ಪೆಟ್ಟಿಗೆ, ಬಾಗಿಲಿಗೆ ಬಟ್ಟೆ ತುರುಕಿದ್ದು. ಬಣ್ಣ ಹೋದ ಆ ಪೆಟ್ಟಿಗೆಯನ್ನು ಮೊಂಡಿ ಯಾವ ಕತ್ತಲಲ್ಲಿ ಬೇಕಾದರೂ ಗುರುತಿಸುತ್ತಿದ್ದಳು. ಅಕ್ಕ ಒಂದು ಕೈ ಅದರ ಮೇಲಿಟ್ಟುಕೊಂಡೇ ನಡೆಯುತ್ತಿದ್ದಳು. ತಂಗಿಯನ್ನು ಕೇಳಬೇಕಿತ್ತೇನೋ ಎನ್ನುವಂತೆ ಅವಳ ಕಡೆ ನೋಡಿದಳು.

"ಸರಿಯಾಗೇ ಮಾಡ್ತಿದೀಯ, ನಡಿ," ಎಂದಳು ಮೊಂಡಿ. ಹೊರಡುವ ಮುಂಚೆ ರೈಲುಪೊದೆಯ ಒಂದು ದೊಡ್ಡ ರೆಂಬೆ ಮುರಿದುಕೊಂಡಳು. ಗೂಡಿನ ಜಾಗ ಬದಲಿಸಿದಾಗ ಬಾಗಿಲಿಗೆ ಅಡ್ಡ ಒಂದು ರೆಂಬೆ ಇಡಬೇಕು. ಬೆಳಿಗ್ಗೆ ಹೊರಬಂದ ಹುಳುಗಳು ಅದನ್ನು ಕಂಡು, ಇದು ಬೇರೆ ಮನೆ ಎಂದು ತಿಳಿದು, ಹೊಸ ವಿಳಾಸ ಕಲಿಯುತ್ತವೆ.

ಶೆಡ್ಡಿನ ಹಿಂದೆ ಬಡಗಿ ಗೂಡು ಇಡುತ್ತಿದ್ದ ಹಳೆಯ ಪೀಠಗಳು ಸಾಲಾಗಿ ಖಾಲಿ ನಿಂತಿದ್ದವು. ಒಂದರ ಮೇಲೂ ಧೂಳಿರಲಿಲ್ಲ, ಒಂದೂ ಓರೆಯಾಗಿರಲಿಲ್ಲ. ಅವನು ಸದ್ದು ಕೇಳಿ ದೀಪ ಹಿಡಿದು ಹೊರಬಂದ, ಪೆಟ್ಟಿಗೆಯನ್ನು ನೋಡಿದ.

"ಇದು ನಿಮ್ಮಮ್ಮನ ಗೂಡು," ಎಂದ. ಮೂಲೆಗಳನ್ನು ಜೋಡಿಸಿದ್ದು ಅವನ ಅಪ್ಪ, ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ?

"ಹೂಂ. ಹಿಡಿ ಆ ಕಡೆ," ಎಂದಳು ಅಕ್ಕ.

ಇಬ್ಬರೂ ಎತ್ತಿ ಮೊದಲ ಪೀಠದ ಮೇಲಿಟ್ಟರು. ಮೊಂಡಿ ಬಟ್ಟೆ ಎಳೆದು, ಹಳದಿ ರೆಂಬೆಯನ್ನು ಬಾಗಿಲಿಗೆ ಒರಗಿಸಿದಳು. ಒಳಗಿನಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಬಂತು. ಬಡಗಿ ಮಂಡಿಯೂರಿ ಕೂತು, ರೆಂಬೆಯ ಪಕ್ಕದಿಂದ ಮೂಗು ತಂದು ಬಾಗಿಲಿಗೆ ಹಿಡಿದ.

"ಅಬ್ಬಬ್ಬ, ಏನು ನಾತ," ಎಂದ. ಎಂದವನು ಅಲ್ಲಿಂದ ಏಳಲಿಲ್ಲ, ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿ ಮೂಸಿದ.